ನಮ್ಮ ಹೊಲವನ್ನು ಅಳಿಸಬೇಡ

ಹನುಮಸಾಗರ
12 ಮೇ 2025

ಚಿ. ಸುಕನ್ಯಾಳಿಗೆ ನಿನ್ನ ಸೋದರತ್ತೆ ಕನಕಮ್ಮನ ಆಶೀರ್ವಾದಗಳು.

ಉತ್ತರ ತಡವಾಯಿತು, ಸಿಟ್ಟಾಗಬೇಡ. ನಮ್ಮ ಗುಡ್ಡ ಜಾರಿದರೆ ಏನಾದೀತೆಂದು ನೀನು ಲೆಕ್ಕ ಹಾಕಿ ಮಾಡಿ ಕಳಿಸಿದ ಕಂಪ್ಯೂಟರ್ ಚಿತ್ರವನ್ನು ಫೋನಿನಲ್ಲಿ ಹಿಂದೆ ಮುಂದೆ ಓಡಿಸಿ ನೋಡಿದೆ. ಅದರಲ್ಲಿ, ಗುಡ್ಡದ ಮೇಲೆ ಕ್ವಾರಿಯವರು ಸುರಿದ ಕಲ್ಲುಮಣ್ಣಿನ ರಾಶಿ ಜೋರು ಮಳೆಗೆ ಜಾರಿದರೂ, ಅದೊಂದೇ ಆದರೆ ನಮ್ಮ ಹೊಲದ ಬದುವಿನ ಹತ್ತಿರ ನಿಲ್ಲುತ್ತದೆ. ಓಡುವ ಭರದಲ್ಲಿ ನಮ್ಮ ಹೊಲದ ಹಸಿಮಣ್ಣನ್ನೂ ಕೆತ್ತಿಕೊಂಡು ಹೊರಟರೆ ಇಮ್ಮಡಿಯಾಗಿ ಕೆಳಗಿನ ಓಣಿಯ ಮೇಲೆ ಬೀಳುತ್ತದೆ. ಸುಳ್ಳಾಗಲಿ ಎಂದುಕೊಂಡೆ. ಆದರೆ ನಮ್ಮದು ಮೊದಲಿನಿಂದ ಹೊಲವಲ್ಲ, ಮಳೆನೀರು ಹರಿಯುವ ಕೊರಕಲು. ನಾನೂ ನಿನ್ನ ಮಾಮನೂ ಚಕ್ಕಡಿಯಲ್ಲಿ ಮಣ್ಣು ಹೇರಿ ತುಂಬಿ, ಸಜ್ಜೆ ಬೆಳೆದೆವು. ತುಂಬಿದ ಮಣ್ಣು ಗಟ್ಟಿ ನೆಲದಂತೆ ಹಿಡಿದು ನಿಲ್ಲುವುದಿಲ್ಲ.

ಚಿತ್ರದ ಸುದ್ದಿ ತಿಳಿದು ಮೈದುನ ಹನುಮಣ್ಣ ಮನೆಗೆ ಬಂದು ಕೂತ. "ಅತ್ತಿಗೆವ್ವ, ಆ ಹುಡುಗಿಗೆ ಹೇಳಿ ಚಿತ್ರದಾಗ ನಮ್ಮ ಹೊಲಾ ಒಂದು ಅಳಿಸಿಬಿಡ್ಸು. ಸರಕಾರದವ್ರು ನೋಡಿದ್ರ ಹೊಲಾ ಕೈ ಬಿಡತೈತಿ."

"ಗುಡ್ಡ ಏನ್ ಫೋನಿನ್ಯಾಗಿನ ಚಿತ್ರಾ ನೋಡಿ ಜಾರತೈತೇನು?" ಎಂದೆ.

ಕೆಳಗಿನ ಓಣಿಯ ಹಸನಬೀ ಅಲ್ಲೇ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. "ಅಳಿಸೂದಾದ್ರ ನಮ್ಮ ಮನಿನೂ ಅಳಿಸಂತ ಹೇಳೋ ಹನುಮಣ್ಣ. ಬೀಳಾಕ ಮನೀನ ಇರೂದಿಲ್ಲ" ಎಂದಳು. ಅವನು ಅರ್ಧ ಚಹಾ ಬಿಟ್ಟು ಎದ್ದುಹೋದ.

ಪಂಚಾಯಿತಿ ಸಭೆಯಲ್ಲಿ ಕ್ವಾರಿಯ ಮ್ಯಾನೇಜರನೂ ಊರಲ್ಲಿ ಹರಡಿದ್ದ ನಿನ್ನ ಚಿತ್ರವನ್ನೇ ಹಿಡಿದು ತೋರಿಸಿದ: "ನೋಡ್ರಿ ಅಮ್ಮಾರ, ಓಣಿ ಮ್ಯಾಲೆ ಬೀಳೂದು ನಿಮ್ಮ ಹೊಲದ ಮಣ್ಣು."

ನಾನು ಸೆರಗು ಸಿಕ್ಕಿಸಿ ಎದ್ದೆ. "ಹೌದ್ರಿ, ನಮ್ದೂ ಐತಿ. ನನ್ನ ಮಣ್ಣು ನಾನು ತೆಗೆಸ್ತೀನಿ, ಕೊರಕಲು ಮೊದಲಿನಂಗ ಮಾಡ್ತೀನಿ. ನಿಮ್ಮ ರಾಶಿ ನೀವು ಯಾವಾಗ ತೆಗೀತೀರಿ, ಎಲ್ಲಾರ ಮುಂದ ಹೇಳ್ರಿ."

ಮಾಲಕರನ್ನು ಕೇಳಬೇಕೆಂದ. ಕೇಳಲಿ. ಅಮಾವಾಸ್ಯೆ ಕಳೆದ ಮೇಲೆ ನನ್ನ ಹೊಲಕ್ಕೆ ಜೆಸಿಬಿ ಬರುತ್ತದೆ. ಅಷ್ಟರೊಳಗೆ ಅವರು ರಾಶಿಗೆ ಕೈ ಹಚ್ಚದಿದ್ದರೆ ಓಣಿಯ ಹೆಂಗಸರೆಲ್ಲ ಕ್ವಾರಿಯ ಗೇಟಿಗೆ ಅಡ್ಡ ಕೂಡುವವರಿದ್ದೇವೆ.

ಯಾರು ಎಷ್ಟು ಫೋನು ಮಾಡಿದರೂ ನಮ್ಮ ಹೊಲವನ್ನು ನಿನ್ನ ಲೆಕ್ಕದಿಂದ ತೆಗೆಯಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಊರ ದೇವರು ಹನುಮಪ್ಪ ನಿನ್ನನ್ನು ಛಲೋ ಇಟ್ಟಿರಲಿ.

ನಿನ್ನ ಅತ್ತೆ,
ಕನಕಮ್ಮ

ತಾ.ಕ.: ನಿನ್ನ ಮಾಮನವರನ್ನು ಮಣ್ಣು ಮಾಡಿದ್ದು ಆ ಹೊಲದಲ್ಲೇ, ಬನ್ನಿ ಗಿಡದ ಬುಡಕ್ಕೆ. ನೀನು ಪರೀಕ್ಷೆಯಲ್ಲಿದ್ದೆ, ಬರಲಾಗಲಿಲ್ಲ. ಯಂತ್ರ ಅಲ್ಲಿ ಮುಟ್ಟುವ ಮೊದಲು ಅವರನ್ನು ನಾನೇ ತೆಗೆದು ಮೇಲಿನ ಗಟ್ಟಿ ನೆಲದಲ್ಲಿ ಇಡುತ್ತೇನೆ. ಮಲಗಿದವರನ್ನು ಎಬ್ಬಿಸಬಾರದು ಎನ್ನುತ್ತಾನೆ ಹನುಮಣ್ಣ. ಎಬ್ಬಿಸುತ್ತೇನೆ. ಇನ್ನೊಬ್ಬರ ಬಾಗಿಲು ಒಡೆಯುವ ಮಣ್ಣಿನಲ್ಲಿ ಅವರು ಇರಬಾರದು. ಅಮಾವಾಸ್ಯೆಗೆ ಮೊದಲೇ ಬಾ ತಾಯಿ. ಒಬ್ಬಳಿಗೇ ಆಗುವುದಿಲ್ಲ.