ಗುಳಿಗೆಯ ಮೇಲೆ ಹಾಲು

ಖಾನಾಪುರ, ೧೪ ಜುಲೈ ೧೯೮೩

ಚಂದ್ರವ್ವಾ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಇಂದು ನನ್ನ ತಪ್ಪನ್ನು ನಿನ್ನ ಮೇಲೆ ಹಾಕಿ ಬಂದಿದ್ದೇನೆ.

ನಮ್ಮ ಮಗಳು ಮಹಾನಂದಾಳ ಮುಖದ ತುಂಬ ಮೊಡವೆ. ಬೆಳಗಾವಿಯ ಚರ್ಮದ ಡಾಕ್ಟರು ಮೂರು ತಿಂಗಳಿಗೆ ಟೆಟ್ರಾಸೈಕ್ಲಿನ್ ಗುಳಿಗೆ ಬರೆದುಕೊಟ್ಟಿದ್ದರು. ಗುಳಿಗೆ ಉಷ್ಣವೆಂದು ನಾನೇ ದಿನಾ ಎದುರು ನಿಂತು, ಅದರ ಮೇಲೆ ಒಂದು ಲೋಟ ಹಾಲು ಕುಡಿಸಿದೆ. "ಗುಳಿಗಿ ಬಿಸಿ, ಹಾಲು ತಂಪು, ಕುಡಿದ ಹುಡುಗಿ ಬಲು ಸೊಂಪು" ಎಂದು ಪ್ರಾಸ ಬೇರೆ ಕಟ್ಟಿದ್ದೆ. ಕೆನೆ ನೋಡಿ ಅವಳಿಗೆ ಓಕರಿಕೆ ಬಂದರೂ ಬಿಡಲಿಲ್ಲ. ಮೊಡವೆ ಇಳಿಯದಿದ್ದಾಗ, "ಹಿತ್ತಲದಾಗ ಹೋಗಿ ಗುಳಿಗಿ ಉಗುಳ್ತಿ, ಕಳ್ಳಿ" ಎಂದು ಅವಳ ಗೆಳತಿಯರ ಮುಂದೆಯೇ ಬೈದೆ.

ಇಂದು ಡಾಕ್ಟರು ಅವಳನ್ನು ಕೇಳಿದರು, "ಗುಳಿಗಿ ಯಾತರ ಜೋಡಿ ತಗೋತೀಯವ್ವಾ?"

"ಹಾಲಿನ ಜೋಡಿರಿ."

"ಹಾಲು ಕುಡಿದರ ಈ ಔಷಧ ಮೈಗೆ ಹತ್ತೂದಿಲ್ಲ. ಮೂರು ತಿಂಗಳು ದಂಡ ಆತು. ಯಾರವರು, ಹಾಲು ಕುಡಿಸಿದ ಶಾಣ್ಯಾರು?"

ನಾನು ಥಟ್ಟನೆ, "ಇವರವ್ವರಿ. ಓದಿದಾಕಿ ಅಲ್ಲರಿ" ಎಂದೆ.

ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು ನೀನು, ಬಿ.ಎ. ಓದಿ ಹಾಲು ಕುಡಿಸಿದವನು ನಾನು. ನನ್ನ ನಾಲಿಗೆಯ ಮೇಲೆ ನನಗೇ ಹೇಸಿಕೆ ಹುಟ್ಟಿತು.

"ಮನಿಗೆ ಹೋಗಿ ಅವರಿಗೆ ತಿಳಿಸಿ ಹೇಳ್ರಿ, ಇನ್ನ ಬರೇ ನೀರು" ಎಂದು ಡಾಕ್ಟರು ಹೊಸ ಚೀಟಿ ಬರೆದರು. ಊರಿಗೆ ಮರಳುವ ಬಸ್ಸು ದೇಸೂರು ದಾಟಿದ ಮೇಲೆ, ಮಹಾನಂದಾ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಮೆಲ್ಲಗೆ ಕೇಳಿದಳು:

"ಅವ್ವಗ ಹೆಂಗ ಹೇಳ್ತೀಯಪ್ಪಾ?"