ಮೆಟ್ಟಿಲು ಹತ್ತು, ಅಕ್ಕಾ

ಅಕ್ಕಾ,

ಗಾಬರಿಯಾಗಬೇಡ. ನಮ್ಮ ಲಿಫ್ಟ್ ಕಂಪನಿಯ ಹೊಸ ಮ್ಯಾನೇಜರು “ಗುರಿಯನ್ನು ಕಣ್ಣೆದುರಿಡು, ದಣಿವನ್ನು ಮರೆತುಬಿಡು” ಎಂದು ಎಲ್ಲರಿಂದಲೂ ಅವರವರ ಬದುಕಿನ ಗುರಿಯ ಚಿತ್ರವನ್ನು ಟೂಲ್‌ಬಾಕ್ಸಿಗೆ ಅಂಟಿಸಿಸಿದ್ದಾರೆ. ಪ್ರಾಸ ಚೆನ್ನಾಗಿದೆ, ತ್ರಾಸ ಶುರುವಾಗಿದೆ.

ನನ್ನ ಜೊತೆಗಾರ ಅಂಟಿಸಿದ್ದು ಪುಟ್ಟ ಮಗಳ ಫೋಟೋ. ಅವಳು ಮಲಗುವ ಮುಂಚೆ ಮನೆ ಸೇರಬೇಕಂತೆ. ಈಗ ದುಪ್ಪಟ್ಟು ಲಿಫ್ಟ್ ತಪಾಸಣೆ ಮಾಡಿ ಬಹುಮಾನ ಗೆದ್ದಿದ್ದಾನೆ. ನಿನ್ನೆ ಅವನು ನೋಡಿಹೋದ ಲಿಫ್ಟೊಂದನ್ನು ತೆರೆದೆ. ಬ್ರೇಕಿನ ಮುಚ್ಚಳದ ಮೇಲಿನ ಜೇಡರ ಬಲೆ ಹರಿದೇ ಇರಲಿಲ್ಲ.

“ಏನೋ ಇದು?”

“ಪಾಪು ಕಾಯ್ತಿರ್ತಾಳಲ್ಲ, ಅಣ್ಣಾ.”

ಮ್ಯಾನೇಜರಿಗೆ ಹೇಳಿದರೆ, “ನಿನ್ನ ಗುರಿ ಏನಪ್ಪಾ?” ಎಂದರು.

ನಿಮ್ಮ ಕಟ್ಟಡಕ್ಕೂ ಬಂದಿದ್ದವನು ಅವನೇ. ಸಂಜೆ ನಾನೇ ಬಂದು ನೋಡುವವರೆಗೆ ಮೆಟ್ಟಿಲಲ್ಲೇ ಓಡಾಡು, ಅಕ್ಕಪಕ್ಕದವರಿಗೂ ಹೇಳು. ಮಂಡಿ ನೋವಿಗೆ ನನ್ನನ್ನೇ ಬಯ್ಯು.

ನನ್ನ ಟೂಲ್‌ಬಾಕ್ಸಿಗೆ ನಿನ್ನ ಫೋಟೋ ಅಂಟಿಸಿದ್ದೇನೆ. ಈ ಪತ್ರವನ್ನು ನಿನಗೆ ತಲುಪಿಸಲು ನಮ್ಮ ಕಂಪನಿಯ ಡ್ರೈವರ್ ಕೈಗೆ ಕೊಟ್ಟಿದ್ದೇನೆ. ಓದಿದ ಕೂಡಲೇ ಫೋನ್ ಮಾಡು. ಬೆಳಗಿನಿಂದ ನೀನು ಎತ್ತುತ್ತಿಲ್ಲ.

ನಿನ್ನ ತಮ್ಮ