ಹಿಂದಿನ ಸೀಟು

ನಿಪ್ಪಾಣಿ
ಗುರುವಾರ, ೯ ಫೆಬ್ರುವರಿ ೨೦೦೬

ಪ್ರೀತಿಯ ಸುಧೀರ ಅವರೇ,

ಹೆಸರು ಹಿಡಿದು ಬರೆದೆನೆಂದು ನಗಬೇಡಿರಿ. ಎದುರಿಗಿದ್ದರೆ ‘ಇಲ್ಲಿ ಕೇಳ್ರಿ’ ಎನ್ನುವುದಕ್ಕಿಂತ ಮುಂದೆ ನನ್ನ ನಾಲಿಗೆ ಹೋಗುವುದಿಲ್ಲ. ಪೆನ್ನಿಗೆ ಆ ಸಂಕೋಚವಿಲ್ಲ. ನಿಮ್ಮ ಅವ್ವ ಜೋಳ ಬೀಸಿಸಿಕೊಂಡು ಬರಲು ಗಿರಣಿಗೆ ಹೋಗಿದ್ದಾರೆ. ಅವರು ಬರುವುದರೊಳಗೆ ಇದನ್ನು ಬರೆದು ಮುಗಿಸಬೇಕು. ಸಂಗ್ರಾಮಣ್ಣ ಶನಿವಾರ ಟೆಂಪೋದಲ್ಲಿ ಬೆಲ್ಲ ಹೇರಿಕೊಂಡು ಪುಣೆಗೆ ಬರುತ್ತಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಮೊದಲು ಮುಖ್ಯ ಮಾತು ಹೇಳಿಬಿಡುತ್ತೇನೆ. ಭಾನುವಾರ ಫೋನಿನಲ್ಲಿ ನಾನು ಹೇಳಿದ್ದನ್ನು ಮರೆತುಬಿಡಿರಿ. ಹೊಸ ಗಾಡಿ ಬೇಡ. ಹಳೆಯದನ್ನೇ ತೆಗೆದುಕೊಳ್ಳಿರಿ. ಬರುವ ಸೋಮವಾರ ಸೇಠರಿಗೆ ಮಾತು ಕೊಡುವಾಗ ಹಳೆಯದು ಎಂದೇ ಹೇಳಿರಿ, ನಿಮ್ಮ ಕಾಲು ಹಿಡಿಯುತ್ತೇನೆ.

ನಿಮಗೆ ಸಿಟ್ಟು ಬಂದಿರುತ್ತದೆ, ನನಗೆ ಗೊತ್ತು. ಎರಡು ವರ್ಷ ಆ ಗ್ಯಾರೇಜಿನಲ್ಲಿ ಬಡಿದು ಬಣ್ಣ ಹೊಡೆದು ದುಡಿದದ್ದಕ್ಕೆ ಸೇಠರು ಖುಷಿಯಾಗಿ, ಅಂಗಳದಲ್ಲಿ ನಿಂತ, ಮೇಲಿನ ಹೊದಿಕೆ ತೆಗೆಯಲು ಬರುವ ಎರಡು ಕಾರುಗಳಲ್ಲಿ ಒಂದು ನಿನ್ನದು, ಇನ್ನೊಂದು ಗುಜರಿಗೆ ಎಂದಿದ್ದಾರೆ. ನೀವು ಹುಡುಗರ ಹಾಗೆ ಕುಣಿಯುತ್ತಿದ್ದಿರಿ, ಫೋನಿನಲ್ಲೇ ಕಾಣುತ್ತಿತ್ತು. “ಎರಡೂ ಒಂದ ಕಂಪನಿ, ಒಂದ ಹೆಸರು. ಹಳೇದು ಅಪ್ಪ, ಹೊಸಾದು ಮಗ. ಮಗನ ಟಪ್ಪ ನೋಡಬೇಕ ನೀ, ಗುಂಡಿ ಒತ್ತಿದ್ರ ತಾನ ಮಡಚಿ ಡಿಕ್ಕ್ಯಾಗ ಹೋಗಿ ಮಲಗತೈತಿ. ಅಪ್ಪಂದು ಬರೇ ಬಟ್ಟೀ ಟಪ್ಪ, ಅದನ್ನ ಎತ್ತೂ ಮಶೀನ ಸತ್ತೈತಿ, ಕೈಲೇ ಎಳೀಬೇಕು” ಎಂದಿರಿ. ಆಮೇಲೆ ದನಿ ಸಣ್ಣದು ಮಾಡಿ ಇನ್ನೊಂದು ಮಾತು ಹೇಳಿದಿರಿ. “ನಮ್ಮ ಉಡಿಕ್ಯಾಗ ವರಾತ ಆಗಲಿಲ್ಲ ನೀಲಾ. ಈ ಗಾಡೀ ಟಪ್ಪ ತಗದು, ನಿನ್ನ ಬಾಜೂಕ ಕುಂದ್ರಿಸಿಕೊಂಡು ಇಡೀ ನಿಪ್ಪಾಣಿ ತಿರಗಸ್ತೀನಿ. ನೋಡಲಿ ಎಲ್ಲಾರೂ.”

ಅದಕ್ಕೇ ನಾನು ‘ಹೊಸಾದ ತಗೋರಿ’ ಎಂದೆ. ನಮ್ಮ ಮದುವೆ ದೀಪ ಹಚ್ಚಿದ ಮೇಲೆ ಹನುಮಪ್ಪನ ಗುಡಿಯ ಹಿಂದೆ, ಬಾಜಾ ಇಲ್ಲದೆ, ಬಾಸಿಂಗವಿಲ್ಲದೆ ಆಯಿತು. ಗಂಡ ಸತ್ತವಳ ಉಡಿಕಿಗೆ ಯಾರು ಮೆರವಣಿಗೆ ತೆಗೆಯುತ್ತಾರೆ? ಅಕ್ಷತೆ ಹಾಕಲೂ ನಾಲ್ಕು ಕೈ ಸರಿಯಾಗಿ ಸೇರಿರಲಿಲ್ಲ. ಅದೆಲ್ಲ ನಿಮ್ಮ ಮನಸ್ಸಿನಲ್ಲಿ ಇಷ್ಟು ದಿನ ಚುಚ್ಚುತ್ತಿತ್ತೆಂದು ನನಗೆ ಆಗಲೇ ತಿಳಿದದ್ದು. ಆ ಒಂದು ಗಳಿಗೆ ನಾನು ಬರೀ ನಿಮ್ಮ ಹೆಂಡತಿಯಾಗಿದ್ದೆ, ಮತ್ತಾರೂ ಆಗಿರಲಿಲ್ಲ. ಅಷ್ಟು ಸುಖ ನನಗೆ ಅಭ್ಯಾಸವಿಲ್ಲ.

ಮರುದಿನ ಸೋಮವಾರ ಸಂಗ್ರಾಮಣ್ಣ ನೀವು ಕಳಿಸಿದ ಫೋಟೋಗಳನ್ನು ತಂದುಕೊಟ್ಟ. ಕೆಂಪು ಗಾಡಿ, ಅಂದರೆ ಹೊಸದು, ನಿಜಕ್ಕೂ ಚೆಲುವ. ಆದರೆ ಅದರಲ್ಲಿ ಎರಡೇ ಸೀಟು. ನಿಮಗೊಂದು, ನನಗೊಂದು, ಮುಗಿಯಿತು. ಬೂದಿ ಬಣ್ಣದ ಹಳೆಯದರಲ್ಲಿ ಮುಂದಿನ ಸೀಟುಗಳ ಹಿಂದೆ ಇನ್ನೊಂದು ಪುಟ್ಟ ಸೀಟು ಇದೆ. ದೊಡ್ಡವರು ಕೂತರೆ ಮೊಣಕಾಲು ಗದ್ದಕ್ಕೆ ಹತ್ತೀತು. ಒಂಬತ್ತು ವರ್ಷದ ಹುಡುಗಿಗೆ ಸರಿಹೋಗುತ್ತದೆ.

ಈಗ ತಿಳಿಯಿತಲ್ಲ? ಕೋಮಲಳಿಗಾಗಿ ಕೇಳುತ್ತಿದ್ದೇನೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು ಎನ್ನುತ್ತೀರಿ. ಮನೆಯ ಫೋನು ನಿಮ್ಮ ಅವ್ವನ ಮಂಚದ ತಲೆದೆಸೆಗಿದೆ. ನಿನ್ನೆ ಕಾಯಿನ್ ಬಾಕ್ಸಿಗೆ ಹೋಗಿ ನಿಮಗೆ ಹಚ್ಚಿದೆ. ನೀವು ‘ಹಲೋ’ ಎಂದಿರಿ, ಹಿಂದೆ ಯಾರೋ ತಗಡು ಬಡಿಯುತ್ತಿದ್ದರು. ಕೋಮಲಳ ಮಾತೆತ್ತಲು ಧೈರ್ಯವಾಗದೆ ‘ಊಟಾ ಆತೇನ್ರಿ?’ ಎಂದು ಕೇಳಿ ಇಟ್ಟುಬಿಟ್ಟೆ. ಬೆಳಗಿನ ಹತ್ತು ಗಂಟೆಗೆ ಇವಳಿಗೆ ಊಟದ ಚಿಂತೆ ಯಾಕೆ ಎಂದುಕೊಂಡಿರಬೇಕು ನೀವು.

ಮಂಗಳವಾರ ನಾನು ತವರಿಗೆಂದು ಹೇಳಿ ಹೋದದ್ದು ಅಕ್ಕೋಳಕ್ಕಲ್ಲ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ರಾಯಬಾಗದಿಂದ ಮುಂದೆ ಅಲಖನೂರಿಗೆ ಹೋದೆ. ಮೊದಲಿನ ಅತ್ತೆ ರಾಮವ್ವನವರಿಗೆ ಲಕ್ವಾ ಹೊಡೆದಿದೆಯೆಂದು ಸುದ್ದಿ ಬಂದಿತ್ತು. ಹೋಗಿ ನೋಡಿದರೆ ಎಡಭಾಗ ಪೂರ್ತಿ ಬಿದ್ದಿದೆ, ಮಾತು ಅರ್ಧ ಬಾಯಲ್ಲೇ ಉಳಿಯುತ್ತದೆ. ಅವರ ಮಗ ಭರತ ಕಾಮಾಲೆಯಾಗಿ ತೀರಿಕೊಂಡಾಗಿನಿಂದ ಅವನ ಮಗಳನ್ನು ಎದೆಗೆ ಹಚ್ಚಿಕೊಂಡು ಬೆಳೆಸಿದವರು ಅವರೇ. ಈಗ ಅವರಿಗೇ ಒಬ್ಬರು ನೀರು ಕುಡಿಸಬೇಕು, ಕೋಮಲ ಕುಡಿಸುತ್ತಿದ್ದಳು.

ಭರತನ ಅಣ್ಣ ಬಾಳಾಸಾಬ ಕಟ್ಟೆಯ ಮೇಲೆ ಕೂತಿದ್ದ. ಅವನ ಹೆಂಡತಿಯ ತಂಗಿ ಮಿರಜಿನಲ್ಲಿ ಹಡೆದಿದ್ದಾಳೆ, ಗಂಡ ಹೆಂಡತಿ ಇಬ್ಬರೂ ನೌಕರಿಯವರು, ಕೂಸು ನೋಡಲು ಮನೆಯಲ್ಲಿ ಆಳಿಲ್ಲ. ಕೋಮಲಳನ್ನು ಅಲ್ಲಿ ಬಿಡುತ್ತಾನಂತೆ, ಬರುವ ಭಾನುವಾರವೇ. ಶಾಲೆ ಎಂದೆ. “ಶಾಳೆ ಎಲ್ಲಿ ಓಡಿ ಹೊಕ್ಕೈತಿ? ಹೆಣ್ಣ ಹುಡಿಗಿ, ಕೂಸು ತೂಗೂದು ಕಲೀಲಿ. ಇಲ್ಲಿ ಅವ್ವನ್ನ ನೋಡೂದ ಆಗವಲ್ದು ನಮಗ, ಇಕಿನ್ನ ಯಾರ ನೋಡಬೇಕು?” ಎಂದ. ಕೆಟ್ಟ ಮನುಷ್ಯ ಅಲ್ಲ ಅವನು. ಕಬ್ಬು ಕಡಿಯುವ ಗ್ಯಾಂಗು ಹೊಲದಲ್ಲಿ ಇಳಿದಿದೆ, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಆದರೆ ಒಮ್ಮೆ ಪರರ ಮನೆಯ ತೊಟ್ಟಿಲು ತೂಗಲು ಹೋದ ಹುಡುಗಿ ತಿರುಗಿ ನಾಲ್ಕನೆಯ ಇಯತ್ತೆಗೆ ಬಂದು ಕೂತದ್ದನ್ನು ನಾನು ಎಲ್ಲಿಯೂ ಕಂಡಿಲ್ಲ.

ನಾನು ಕೊಡುವುದಿಲ್ಲ, ನನ್ನ ಮಗಳು ಎಂದೆ. ಅವನು ನನ್ನ ಮುಖ ನೋಡಿ, “ಉಡಿಕಿ ದಿನಾ ಹಿರ್ಯಾರ ಮುಂದ ಏನ ಕಬೂಲ ಮಾಡಿದ್ದಿ, ನೆನಪೈತೇನು?” ಎಂದ. ನೆನಪಿಲ್ಲದೆ ಏನು? ಮಗು ಸತ್ತವನ ಮನೆಯದು, ನೀನು ಬರಿ ಉಡಿಯಲ್ಲಿ ಹೊಸ ಮನೆಗೆ ಹೋಗಬೇಕು ಎಂದರು. ಉಡಿಯಲ್ಲಿದ್ದ ಅಕ್ಕಿಯನ್ನು ಆ ಮನೆಯ ಹೊಸ್ತಿಲಲ್ಲಿ ಝಾಡಿಸಿಯೇ ಹೊರಟೆ. ಅಂದಿನಿಂದ ಅವಳಿಗೆ ನನ್ನನ್ನು ಅವ್ವನ ತಂಗಿಯ ಹಾಗೆ ಮಾವಶಿ ಎಂದು ಕರೆಯಲು ಕಲಿಸಿದ್ದಾರೆ. ಹೆತ್ತ ಮಗಳ ಬಾಯಲ್ಲಿ ಮಾವಶಿ ಎನಿಸಿಕೊಂಡು, ‘ಏನ ಬೇ ಕೋಮಲ’ ಎಂದು ಓಗೊಡುವುದು ಹೇಗಿರುತ್ತದೆಂದು ನಿಮಗೆ ಎಂದೂ ಹೇಳಿಲ್ಲ. ನೀವೂ ಕೇಳಿಲ್ಲ.

ಅವಳಿಗೆ ಗಾಡಿಗಳ ಫೋಟೋ ತೋರಿಸಿದೆ. ಹುಡುಗಿಯರು ಕೆಂಪಿಗೆ ಮರುಳಾಗುತ್ತಾರೆ ಎಂದುಕೊಂಡಿದ್ದೆ. ಇವಳು ಹಳೆಯದರ ಫೋಟೋ ಕೈಯಲ್ಲಿ ಹಿಡಿದು, ಆ ಪುಟ್ಟ ಸೀಟಿನ ಮೇಲೆ ಬೆರಳಿಟ್ಟು, “ಇದು ಯಾರಿಗೆ, ಮಾವಶಿ?” ಎಂದಳು. ‘ಇನ್ನಾ ಗೊತ್ತಿಲ್ಲವ್ವಾ’ ಎಂದೆ. ಅವಳು ಫೋಟೋ ತಿರುಗಿ ಕೊಟ್ಟು, ಮಿರಜಿನ ಶಾಲೆಯಲ್ಲಿ ಕನ್ನಡ ಇರುತ್ತದೋ ಬರೀ ಮರಾಠಿಯೋ ಎಂದು ಕೇಳಿದಳು. ಅವಳಿಗೆ ಯಾರೂ ಶಾಲೆ ಇಲ್ಲವೆಂದು ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಬಸ್ಸಿನಲ್ಲಿ ರಾಯಬಾಗದವರೆಗೆ ಸೆರಗು ಬಾಯಿಗೆ ಒತ್ತಿಕೊಂಡು ಬಂದೆ.

ಗಿರಣಿಯಲ್ಲಿ ಕರೆಂಟು ಹೋಗಿದೆಯಂತೆ, ಪಕ್ಕದ ಮನೆಯವರು ಹೇಳಿದರು. ನನಗೆ ಇನ್ನಷ್ಟು ಹೊತ್ತು ಸಿಕ್ಕಿತು. ದೇವರು ಅಷ್ಟಾದರೂ ಕಣ್ಣು ಬಿಟ್ಟ.

ಗಾಡಿಯ ಲೆಕ್ಕದಲ್ಲೇ ಹೇಳುವುದಾದರೂ ಹಳೆಯದೇ ಸರಿ. ಹೊಸದು ಹೋದ ವರ್ಷ ಮುಂಬಯಿಯ ಮಹಾಮಳೆಯಲ್ಲಿ ಮುಳುಗಿದ ಗಾಡಿ. ನೀರು ಕುಡಿದ ವೈರಿಂಗ್ ಯಾವಾಗ ಕೈ ಕೊಡುತ್ತದೆಂದು ಬ್ರಹ್ಮನಿಗೂ ಗೊತ್ತಾಗದು ಎಂದವರು ನೀವೇ. ತವಂದಿ ಘಾಟಿನಲ್ಲಿ ಟಪ್ಪು ಅರ್ಧಕ್ಕೆ ನಿಂತು ಮಳೆ ಹಿಡಿದರೆ ಏನು ಮಾಡುತ್ತೀರಿ? ಹಳೆಯದರ ಎಂಜಿನ್ ಗಟ್ಟಿ, ತುಕ್ಕು ತೆಗೆಯುವುದು ನಿಮ್ಮ ಕೈಗೆ ಬೆಣ್ಣೆ ತೆಗೆದಷ್ಟೇ. ಬಟ್ಟೆಯ ಟಪ್ಪು ನಾನು ಹೊಲಿದು ಕೊಡುತ್ತೇನೆ, ನನ್ನ ಮಶೀನಿನಲ್ಲಿ. ನೋಡಿರಿ, ಮೆಕ್ಯಾನಿಕನ ಹೆಂಡತಿ ಮೆಕ್ಯಾನಿಕಳೇ ಆಗಿಬಿಟ್ಟೆ. ಸುಳ್ಳು ಯಾಕೆ, ವೈರಿಂಗ್ ಹಾಳಾಗಿ ಹೋಗಲಿ. ನಾಳೆ ಆ ಕೆಂಪು ಗಾಡಿ ವಿಮಾನದ ಹಾಗೆ ಹಾರಿದರೂ ನನಗೆ ಬೇಡ. ಎರಡೇ ಸೀಟಿನ ಗಾಡಿ ನಮ್ಮ ಬಾಗಿಲಿಗೆ ಬಂದು ನಿಂತಿತೆಂದರೆ, ಇನ್ನು ಈ ಮನೆಯಲ್ಲಿ ಮೂರನೆಯವರಿಗೆ ಜಾಗವಿಲ್ಲವೆಂದು ಊರಿಗೆ ಡಂಗುರ ಹೊಡೆದಂತೆ. ನಾನು ಅದರಲ್ಲಿ ಹೂ ಮುಡಿದು ಕೂತು ನಗಬೇಕೇ?

ಮದುವೆಯ ಮುಂಚೆ ನೀವು, “ಹುಡಿಗಿ ನಂದೂ ಹೌದು. ಒಂದ ವರ್ಸ ತಡಿ, ಅವ್ವನ್ನ ಒಪ್ಪಸ್ತೀನಿ” ಎಂದಿದ್ದಿರಿ. ಒಂದು ಹೋಗಿ ಎರಡಾಯಿತು. ನಿಮ್ಮ ಅವ್ವ ನನಗೆ ಕೆಡುಕು ಬಯಸುವವರಲ್ಲ, ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಾರೆ. ಆದರೆ ಕೋಮಲಳ ಹೆಸರೆತ್ತಿದರೆ, “ಒಬ್ರ ಹಿತ್ತಲದ ಬಳ್ಳಿ ಕಿತ್ತ ತಂದು ನಮ್ಮ ಚಪ್ಪರಕ್ಕ ಹಬ್ಬಸೂದ ಬ್ಯಾಡವಾ” ಎಂದು ಎದ್ದು ಹೋಗುತ್ತಾರೆ. ನೀವು ತಿಂಗಳಿಗೊಮ್ಮೆ ಬಂದು ಎರಡು ದಿನ ನಕ್ಕು ನಗಿಸಿ ಹೋಗುತ್ತೀರಿ. ಆ ಎರಡು ದಿನವನ್ನು ಕೆಡಿಸಬಾರದೆಂದು ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಾವು ಜಗಳವನ್ನೇ ಆಡದೆ ಕೂಸನ್ನು ಬಡವು ಮಾಡಿದೆವು.

ನಾನು ಹೆಚ್ಚೇನೂ ಕೇಳುವುದಿಲ್ಲ. ಅವಳು ನಿಮ್ಮನ್ನು ಅಪ್ಪಾ ಎನ್ನಬೇಕಾಗಿಲ್ಲ, ಕಾಕಾ ಎನ್ನಲಿ. ನನ್ನನ್ನು ಮಾವಶಿ ಎಂದೇ ಕರೆಯಲಿ. ಓಣಿಯವರು ಕೇಳಿದರೆ ನನ್ನ ತಂಗಿಯ ಮಗಳು, ಶಾಲೆ ಕಲಿಯಲು ಬಂದಿದ್ದಾಳೆ ಎಂದು ಹೇಳೋಣ. ಪಡಸಾಲೆಯಲ್ಲಿ ಬೇಡವೆಂದರೆ ಹಿಂದಿನ ಕಟ್ಟಿಗೆ ಕೋಣೆ ಖಾಲಿ ಮಾಡುತ್ತೇನೆ. ಅವಳ ಅನ್ನ, ಅವಳ ಪಾಟಿ ಪುಸ್ತಕ ನನ್ನ ಹೊಲಿಗೆಯಲ್ಲಿ ನಡೆಯುತ್ತದೆ. ನಿಮಗೆ ಮಕ್ಕಳಾಗಲಿ ಎಂದು ನಾನೂ ಹರಕೆ ಹೊತ್ತಿದ್ದೇನೆ, ಆ ಮಕ್ಕಳ ಪಾಲಿನದೇನನ್ನೂ ಅವಳು ಮುಟ್ಟುವುದಿಲ್ಲ.

ಮೇಲಿನದನ್ನು ಓದಿ ನೋಡಿ ಹೊಡೆದು ಹಾಕಬೇಕೆಂದೆ. ಥೂ, ನಾನು ಎಂಥ ತಾಯಿ! ಹೆತ್ತ ಮಗಳನ್ನು ಬಾಡಿಗೆಗೆ ಇಟ್ಟುಕೊಳ್ಳಿರಿ ಎಂದು ಚೌಕಾಸಿ ಮಾಡುತ್ತಿದ್ದೇನೆ. ಆದರೂ ಹೊಡೆಯುವುದಿಲ್ಲ. ನೀವು ಅಷ್ಟಕ್ಕೆ ಒಪ್ಪಿದರೂ ನನಗೆ ಸಾಕು. ಮಾನ ಎಲ್ಲ ಆಮೇಲೆ ನೋಡಿಕೊಳ್ಳುತ್ತೇನೆ.

ಭಾನುವಾರ ಬೆಳಿಗ್ಗೆ ಬಾಳಾಸಾಬ ಅವಳನ್ನು ಮಿರಜಿಗೆ ಕರೆದೊಯ್ಯುತ್ತಾನೆ. ಶನಿವಾರ ಸಂಜೆ ನಿಮಗೆ ಈ ಪತ್ರ ಮುಟ್ಟುತ್ತದೆ. ಓದಿದ ಕೂಡಲೇ ಅಲಖನೂರಿಗೆ ಫೋನು ಮಾಡಿ, ಹುಡುಗಿ ನಮ್ಮ ಮನೆಗೆ ಬರುತ್ತಾಳೆ ಎಂದು ನಿಮ್ಮ ಬಾಯಿಂದ ಹೇಳಿರಿ. ನನ್ನ ಮಾತಿಗೆ ಅಲ್ಲಿ ಬೆಲೆಯಿಲ್ಲ, ಗಂಡಸಿನ ಮಾತು ಬೇಕಂತೆ. ನಂಬರು ಈ ಹಾಳೆಯ ಹಿಂದೆ ಬರೆದಿದ್ದೇನೆ.

ಅತ್ತೆಯವರ ಚಪ್ಪಲಿಯ ಸದ್ದಾಯಿತು. ಮುಗಿಸುತ್ತೇನೆ. ಸರಿಯಾಗಿ ಉಣ್ಣಿರಿ, ಬಣ್ಣ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರಿ.

ನಿಮ್ಮ ಒಂದು ಮಾತಿಗೆ ಜೀವ ಹಿಡಿದಿರುವ,
ನೀಲಮ

ತಾ.ಕ. — ಶನಿವಾರ, ಕರಾಡ.

ಅಕ್ಷರ ಕುಣಿದಿದ್ದರೆ ತಪ್ಪು ನನ್ನದಲ್ಲ, ಟೆಂಪೋದ್ದು. ಹೌದು, ನಾನು ಸಂಗ್ರಾಮಣ್ಣನ ಟೆಂಪೋದಲ್ಲಿ ಕೂತು ಬರೆಯುತ್ತಿದ್ದೇನೆ. ಪತ್ರ ಮುಟ್ಟಿ, ನೀವು ಯೋಚಿಸಿ, ಫೋನು ಹಚ್ಚುವವರೆಗೆ ತಡೆದುಕೊಳ್ಳುವ ಶಕ್ತಿ ನನ್ನಲ್ಲಿ ಉಳಿಯಲಿಲ್ಲ. ನಿನ್ನೆ ಅಲಖನೂರಿಗೆ ಹೋದೆ. ಬಾಳಾಸಾಬ ಹೊಲದಲ್ಲಿದ್ದ. ರಾಮವ್ವತ್ತೆ ಬಲಗೈಯಿಂದ ಕೋಮಲಳ ಕೈ ಹಿಡಿದು ನನ್ನ ಕೈಯೊಳಗೆ ಇಟ್ಟರು. ಬಾಯಿ ತಿರುಗದಿದ್ದರೂ “ಹೋಗ್ರಿ, ಹೋಗ್ರಿ” ಎಂದರು. ಆ ‘ಹೋಗ್ರಿ’ ನಮ್ಮಿಬ್ಬರಿಗೂ ಎಂದುಕೊಂಡು ಹೊರಟುಬಂದೆವು. ರಾತ್ರಿ ಸಂಗ್ರಾಮಣ್ಣನ ಮನೆಯಲ್ಲಿದ್ದೆವು.

ನಿಮ್ಮ ಅವ್ವನಿಗೆ ಹೇಳಿಯೇ ಹೊರಟಿದ್ದೆ. “ಆ ಹುಡಿಗಿನ್ನ ಕರಕೊಂಡ ಬಂದ್ರ ಈ ಹೊಸ್ತಲಾ ದಾಟಬ್ಯಾಡ” ಎಂದರು. ಕಾಲಿಗೆ ಬಿದ್ದೆ. ಕಾಲು ಹಿಂದೆ ಎಳೆದುಕೊಳ್ಳಲಿಲ್ಲ, ತಲೆಯ ಮೇಲೆ ಕೈಯನ್ನೂ ಇಡಲಿಲ್ಲ. ಅದರ ಅರ್ಥ ನನಗೆ ಹೊಳೆಯಲಿಲ್ಲ. ಈಗ ನನಗೆ ತಿರುಗಿ ಹೋಗಲು ಅಲಖನೂರೂ ಇಲ್ಲ, ನಿಪ್ಪಾಣಿಯೂ ಇಲ್ಲ.

ಇದನ್ನು ನಿಮಗೆ ಕೊಟ್ಟು ಸಂಗ್ರಾಮಣ್ಣ ನಿಮ್ಮ ಎದುರಿಗೇ ನಿಂತಿರುತ್ತಾನೆ. ಅವನನ್ನು ಬೈಯಬೇಡಿರಿ, ನಾನೇ ಆಣೆ ಹಾಕಿ ಒಪ್ಪಿಸಿದ್ದು. ಓದಿ ಮುಗಿಸಿ ಗೇಟಿನ ಹೊರಗೆ ನೋಡಿರಿ. ಟೆಂಪೋ ಅಲ್ಲೇ ನಿಂತಿದೆ, ನಾವಿಬ್ಬರೂ ಒಳಗಿದ್ದೇವೆ. ಬೆಲ್ಲ ಇಳಿಸಲು ಅವನಿಗೆ ಹೊತ್ತಾಗುತ್ತದೆ, ಬಹಳ ಕಾಯಲಾರ. ನೀವು ಬರದಿದ್ದರೆ ನಾನು ಕೂಗಿ ಕರೆಯುವುದಿಲ್ಲ, ಅವನ ಜೊತೆ ಮುಂದೆ ಹೋಗುತ್ತೇವೆ.

ಈ ಟೆಂಪೋದಲ್ಲಿ ನಾವು ಕೂತ ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಹೊರಗೆ ನಿಂತವರೇ ತೆಗೆಯಬೇಕು.